ನಂಜಪ್ಪಣ್ಣ ‘ಶಿವಾ’ ಅನ್ನಲಿಲ್ಲ

ಚೇತನಾ, ನಿನ್ನ ಅಪ್ಪ ಸಾಯುವಾಗ ದೇವರ ಹೆಸರು ಹೇಳಲಿಲ್ಲ. ಹೇಳಿದರು ಎಂದು ಸುಳ್ಳು ಹೇಳಿದವನು ನಾನು — ನೀನು ಬಾಯ್ತುಂಬ ಅಂಕಲ್ ಎಂದು ಕರೆಯುತ್ತಿದ್ದ ಇದೇ ಬಸವರಾಜ. ಆರು ವರ್ಷವಾಯಿತು. ಈ ಎರಡು ಸಾಲು ಬರೆಯುವುದಕ್ಕೆ ಇಷ್ಟು ಕಾಲ ಬೇಕಾಯಿತು ಎಂದರೆ ನಾನೆಂಥ ಹೇಡಿ ಎಂಬುದು ನಿನಗೇ ತಿಳಿಯುತ್ತದೆ.

ಪೀಣ್ಯದಲ್ಲಿ ನಿನ್ನ ಅಪ್ಪ ನಂಜಪ್ಪಣ್ಣನನ್ನು ಅರಿಯದ ಕಾರ್ಮಿಕ ಇರಲಿಲ್ಲ. ಹದಿನೇಳು ವರ್ಷ ಕಾರ್ಖಾನೆಯಲ್ಲಿ ಅವರ ಪಕ್ಕದ ಲೇತ್ ಯಂತ್ರದಲ್ಲಿ ಕೆಲಸ ಮಾಡಿದವನು ನಾನು. ಊಟದ ಬಿಡುವಿನಲ್ಲಿ ಗೇಟಿನ ಮುಂದೆ ನಿಂತು ಬರಿಗೈಯಿಂದ ವಿಭೂತಿ ಉದುರಿಸುತ್ತಿದ್ದರು. ಜನ ಬಾಯಿ ಬಿಟ್ಟು ನೋಡುವಾಗ ಬೆರಳ ಸಂದಿಯಲ್ಲಿ ಅಡಗಿಸಿದ್ದ ಉಂಡೆಯನ್ನು ತೋರಿಸಿ ನಗಿಸುತ್ತಿದ್ದರು. ಪವಾಡಗಳ ಬಗ್ಗೆ ಚರ್ಚೆಗೆ ಟಿವಿಯವರೂ ಕರೆಯುತ್ತಿದ್ದರು. ಆಯುಧಪೂಜೆಯ ದಿನ ಎಲ್ಲರಿಗಿಂತ ಮೊದಲು ತಮ್ಮ ಲೇತು ಒರೆಸಿ, ಎಣ್ಣೆ ಬಿಟ್ಟು ಫಳಫಳ ಮಾಡಿಡುತ್ತಿದ್ದರು. ನಾನು ಕುಂಕುಮ ಹಿಡಿದು ಹೋದರೆ ಮಾತ್ರ, “ಅದೆಲ್ಲ ಬೇಡ ಕಣೋ ಬಸು, ಪುರಿ ಕೊಡು ಸಾಕು” ಎನ್ನುತ್ತಿದ್ದರು. ತಮ್ಮ ದೇಹವನ್ನು ಸುಡಬಾರದು, ಡಾಕ್ಟರಿಕೆ ಓದುವ ಮಕ್ಕಳಿಗೆ ಸಿಗಬೇಕು ಎಂದು ಮೆಡಿಕಲ್ ಕಾಲೇಜಿಗೆ ಬರೆದುಕೊಟ್ಟಿದ್ದರು. ಆ ಕಾಗದಕ್ಕೆ ಸಾಕ್ಷಿ ಹಾಕಿದವರು ನೀನು ಮತ್ತು ನಾನು.

ಆ ಮಧ್ಯಾಹ್ನ ಆಸ್ಪತ್ರೆಯಲ್ಲಿ ಒಳಗೆ ಒಬ್ಬರನ್ನೇ ಬಿಡುತ್ತಿದ್ದರು, ನನ್ನ ಸರದಿ ಬಂದಿತ್ತು. ನೀನು ಸಿಂಗಸಂದ್ರದಿಂದ ಹೊರಟು ದಾರಿಯಲ್ಲಿದ್ದೆ, ಊರಿನ ಆ ತುದಿಯಿಂದ ಈ ತುದಿಗೆ, ಅದೇ ಟ್ರಾಫಿಕ್ಕಿನಲ್ಲಿ. ಅವರ ಉಸಿರು ನಿಂತ ಮೇಲೆ ನಾನು ಹೊರಗೆ ಬಂದೆ. ಬೆಂಚಿನ ಮೇಲೆ ನಿನ್ನ ಅಜ್ಜಿ ಕೂತಿದ್ದರು, ಪಕ್ಕದಲ್ಲಿ ನಿನ್ನ ದೊಡ್ಡಪ್ಪ. ನನ್ನ ಮುಖ ನೋಡಿಯೇ ಅಜ್ಜಿಗೆ ತಿಳಿಯಿತು. ಅಳಲಿಲ್ಲ. ನನ್ನ ಎರಡೂ ಕೈ ಹಿಡಿದುಕೊಂಡರು.

“ಕೊನೇಗಾದ್ರೂ ದ್ಯಾವ್ರ ಎಸ್ರು ಏಳುದ್ನೇನಪ್ಪಾ ನನ್ ಮಗ? ಇಲ್ದಿದ್ರೆ ಗತಿ ಕಾಣ್ದೆ ಅಲೀತಾನೆ ಕಣಪ್ಪಾ.”

ಎಂಬತ್ತು ದಾಟಿದ ಜೀವ, ಹೆತ್ತ ಮಗ ಆಗತಾನೇ ಹೋಗಿದ್ದಾನೆ — ಇಲ್ಲ ಎಂದು ಹೇಗೆ ಹೇಳಲಿ?

“ಅಂದ್ರು ಅಮ್ಮಾ. ಶಿವಾ ಅಂದ್ರು.”

ಮುದುಕಿಗೆ ಒಂದು ಸಮಾಧಾನ, ನಮ್ಮಲ್ಲೇ ಉಳಿಯುತ್ತದೆ ಎಂದುಕೊಂಡೆ. ದೊಡ್ಡಪ್ಪ ಅಲ್ಲೇ ಎದ್ದು ನಿಂತು ಫೋನು ತೆಗೆದದ್ದನ್ನು ಕಂಡೂ ಸುಮ್ಮನಿದ್ದೆ. ನೀನು ಬರುವಷ್ಟರಲ್ಲಿ ಸುದ್ದಿ ಪೀಣ್ಯದ ಎಲ್ಲ ವಾಟ್ಸಾಪ್ ಗ್ರೂಪುಗಳಲ್ಲಿ ಓಡಾಡುತ್ತಿತ್ತು.

ದೇಹ ಒಯ್ಯಲು ಮನೆ ಮುಂದೆ ಮೆಡಿಕಲ್ ಕಾಲೇಜಿನ ವ್ಯಾನು ಬಂದು ನಿಂತಿತು. ದೊಡ್ಡಪ್ಪ ಅಡ್ಡ ನಿಂತರು. “ಕೊನೆಗೆ ಅವ್ನೇ ಶಿವಾ ಅಂದವ್ನೆ. ಇನ್ನೇನ್ರೀ ಆ ಕಾಗ್ದ? ನಮ್ ಪದ್ಧತಿ ಪ್ರಕಾರಾನೇ ಆಗ್ಲಿ.” ಮನೆಯವರೆಲ್ಲ ಒಪ್ಪದಿದ್ದರೆ ನಾವು ಒಯ್ಯುವುದಿಲ್ಲ ಎಂದರು ಕಾಲೇಜಿನವರು. ಆಗ ನೀನು ನನ್ನ ಕಡೆ ತಿರುಗಿದೆ.

“ಅಂಕಲ್, ನೀವೇ ಹೇಳಿ. ಅಪ್ಪ ಹಾಗಂದ್ರಾ?”

ಅಜ್ಜಿ ನನ್ನನ್ನೇ ನೋಡುತ್ತಿದ್ದರು. ದೊಡ್ಡಪ್ಪನೂ ನೋಡುತ್ತಿದ್ದರು — ನಾನು, ಹೆಂಡತಿ, ಮಕ್ಕಳು ಇದ್ದ ಬಾಡಿಗೆ ಕೋಣೆ ಅವರದೇ. ನಾನು ಹೌದೆಂದು ತಲೆಯಾಡಿಸಿದೆ. ಮೊದಲಿನ ಸುಳ್ಳು ಕನಿಕರದ್ದು ಎನ್ನಬಹುದೇನೋ, ಇದು ಹೆದರಿಕೆಯದು. ವ್ಯಾನು ಖಾಲಿ ಹೋಯಿತು. ನಿನ್ನ ಅಪ್ಪನ ಹಣೆಗೆ ವಿಭೂತಿ ಬಳಿದು ಒಯ್ದು ಸುಟ್ಟರು. ನಾನೂ ಹೆಗಲು ಕೊಟ್ಟೆ.

ಆಮೇಲೆ ಮಾತು ನನ್ನ ಕೈಯಲ್ಲಿ ಉಳಿಯಲಿಲ್ಲ. ನಂಜಪ್ಪ ತೀರ್ಥ ಕೇಳಿ ಕುಡಿದನಂತೆ, ಅತ್ತನಂತೆ, ಮಾಡಿದ್ದೆಲ್ಲ ತಪ್ಪಾಯಿತು ಎಂದು ಕೈಮುಗಿದನಂತೆ — ನಾನು ಹೇಳದ್ದನ್ನೆಲ್ಲ ನನ್ನ ಹೆಸರಿನಲ್ಲೇ ಹೇಳಿದರು. ಪ್ರತಿ ಆಯುಧಪೂಜೆಗೂ ಯಾರಾದರೊಬ್ಬರು ಆ ಕಥೆ ತೆಗೆಯುತ್ತಾರೆ. ಒಮ್ಮೆ ಟೀ ಅಂಗಡಿಯಲ್ಲಿ ತಡೆಯಲಾರದೆ, “ಅದೆಲ್ಲ ಸುಳ್ಳು, ಅವರು ಹಾಗೆ ಅನ್ನಲೇ ಇಲ್ಲ” ಎಂದೆ. “ಬಿಡು ಗುರು, ಅವತ್ತು ಹೇಳಿದ್ದು ನೀನೇ ಅಲ್ವಾ?” ಎಂದು ನಕ್ಕರು. ಗ್ಲಾಸು ಇಟ್ಟು ಎದ್ದು ಬಂದೆ.

ಅಜ್ಜಿ ಹೋದ ತಿಂಗಳು ತೀರಿಕೊಂಡರು. ಅವರು ಇರುವವರೆಗೂ ಹೇಳಬಾರದೆಂದು ಕಾದೆ ಎಂದು ಬರೆಯಲು ಹೊರಟಿದ್ದೆ — ಅದೂ ಸುಳ್ಳು, ಹೊಡೆದುಹಾಕಿದೆ. ಅವರ ಕಿವಿಗೆ ಬೀಳದಂತೆ ನಿನ್ನೊಬ್ಬಳಿಗೇ ಹೇಳಬಹುದಿತ್ತು. ಅಪ್ಪನನ್ನು ಸುಟ್ಟ ವರ್ಷವೇ ಮೆಟ್ರೋ ಸ್ಟೇಷನ್ನಿನಲ್ಲಿ ಸಿಕ್ಕಾಗ ನೀನು, “ನಂಗೂ ಒಂದ್ ಮಾತು ಹೇಳ್ದೆ ಬದಲಾಗ್ಬಿಟ್ರು ಅಂಕಲ್, ಹಾಗಾದ್ರೆ ನಂಗೆ ಹೇಳ್ಕೊಟ್ಟಿದ್ದೆಲ್ಲ ಏನು?” ಎಂದೆ. ಅಂದೂ ನಾನು ಬಾಯಿ ಬಿಡಲಿಲ್ಲ. ಆಮೇಲೆ ನೀನು ಅಪ್ಪನ ಮಾತೆತ್ತುವುದನ್ನೇ ನಿಲ್ಲಿಸಿದೆ.

ಈ ಕಾಗದವನ್ನು ಯಾರಿಗೆ ಬೇಕಾದರೂ ತೋರಿಸು. ನಂಬುತ್ತಾರೋ ಇಲ್ಲವೋ, ನನಗೆ ಗೊತ್ತಿಲ್ಲ. ಸುಟ್ಟದ್ದಂತೂ ತಿರುಗಿ ಬರುವುದಿಲ್ಲ. ನನ್ನನ್ನು ಕ್ಷಮಿಸು ಎಂದು ಕೇಳುವ ಮುಖವೂ ನನಗಿಲ್ಲ.

ಇನ್ನೊಂದು ಉಳಿದಿದೆ. ಅವರು ಏನೂ ಹೇಳದೆ ಹೋಗಲಿಲ್ಲ, ಚೇತನಾ. ಮುಖಕ್ಕೆ ಹಾಕಿದ್ದ ಆಕ್ಸಿಜನ್ ಮಾಸ್ಕ್ ಸರಿಸಿ, “ಚೇತು ಎಲ್ಲೀವರ್ಗೂ ಬಂದ್ಲೋ?” ಎಂದು ಕೇಳಿದರು. ದಾರಿಯಲ್ಲಿದ್ದಾಳೆ ಅಣ್ಣ ಎಂದೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಅದನ್ನೇ ಕೇಳಿದರು. ಮೂರನೇ ಸಲ ಧ್ವನಿ ಬರಲಿಲ್ಲ, ತುಟಿ ಮಾತ್ರ ಆಡಿತು. ಆ ಮಾತು ನಿನಗೆ ಸೇರಬೇಕಾಗಿತ್ತು. ಅದನ್ನು ತೆಗೆದು, ಆ ಜಾಗದಲ್ಲಿ ನಾನು ದೇವರ ಹೆಸರನ್ನು ಇಟ್ಟೆ.