ಮಗಳ ಎತ್ತು ಮಾಡುವ ತಾಯಿ

ಬನಹಟ್ಟಿಯ ನೇಕಾರರ ಓಣಿಯಲ್ಲಿ ಅಂಗನವಾಡಿ ನಡೆಸುವ ನನಗೆ ಹಬ್ಬ ಬಂತೆಂದರೆ ಉಜ್ವಲಾಳಂಥ ತಾಯಂದಿರ ಕಾಟ. ಆಕೆಯ ಮಗಳು, ನಾಲ್ಕು ವರ್ಷದ ಸಮೀಕ್ಷಾಗೆ ರಾಖಿ ಮಾಡಿಕೊಂಡು ಬಾ ಎಂದರೆ ಜರಿಯ ರಾಖಿ ಬರುತ್ತದೆ. ಹಣತೆಗೆ ಬಣ್ಣ ಹಚ್ಚು ಎಂದರೆ ಅಂಗಡಿಯಲ್ಲಿ ಮಾರಾಟಕ್ಕಿಡುವಂಥ ಹಣತೆ ಬರುತ್ತದೆ. ಹುಡುಗಿಯ ಉಗುರಲ್ಲಿ ಮಾತ್ರ ಎಳ್ಳಷ್ಟೂ ಬಣ್ಣವಿರುವುದಿಲ್ಲ. ಕೇಳಿದರೆ, "ಅಕಿ ಸೊಟ್ಟ ಮಾಡ್ತಾಳ್ರಿ ಅಕ್ಕಾರ, ನಾಕ ಮಂದಿ ನೋಡೂದಲ್ಲೇನ್ರಿ?" ಎನ್ನುತ್ತಾಳೆ. ಸೊಟ್ಟ ಮಾಡಲಿ ಅಂತಲೇ ಅಲ್ಲವೇನೇ ತಾಯಿ ನಾನು ಹೇಳುವುದು! ಈ ಸಲ ಮಣ್ಣೆತ್ತಿನ ಅಮಾವಾಸ್ಯೆಗೆ ಒಂದು ಉಪಾಯ ಮಾಡಿದೆ. ಅಮಾವಾಸ್ಯೆಯ ಮರುದಿನ ಮಕ್ಕಳು ಕುಂಟೆತ್ತು, ಅಂದರೆ ಕಾಲು ಊನವಾದ ಮಣ್ಣಿನ ಎತ್ತು, ಹಿಡಿದು ಮನೆಮನೆಗೆ ಹೋಗಿ ಜೋಳ ಕೇಳುವುದು ನಮ್ಮ ಕಡೆಯ ಪದ್ಧತಿ. ಕುಂಟೆತ್ತನ್ನೇ ಮಾಡಿ ತನ್ನಿ, ಸೊಟ್ಟಗಿದ್ದಷ್ಟೂ ಛಲೋ ಎಂದೆ. ಉಜ್ವಲಾ ಏನು ಮಾಡಿದಳು ಗೊತ್ತೇ? ಕೋಡು, ಕೊರಳ ಗೆಜ್ಜೆ ಎಲ್ಲ ತಿದ್ದಿ ತೀಡಿದ ಎತ್ತು ಮಾಡಿ, ಒಣಗಿದ ಮೇಲೆ ಒಂದು ಕಾಲು ಲಟಕ್ಕನೆ ಮುರಿದಳು! ಮಗಳ ಜೊತೆ ಅದನ್ನು ಅಂಗನವಾಡಿಗೆ ತಂದು ತಾನೇ ಹಾಗೆಂದು ಹೇಳಿದಳು. ನನಗೆ ಮೈಯೆಲ್ಲ ಉರಿಯಿತು. ಬೈಯಲು ಬಾಯಿ ತೆರೆದವಳು ಎತ್ತನ್ನು ಕೈಗೆತ್ತಿಕೊಂಡು ಅದರ ಕಾಲು ನೋಡಿದೆ. ಮುರಿದ ತುಂಡನ್ನು ಹೊಂದಿಸಿ, ಕಸಬರಿಗೆಯ ಕಡ್ಡಿ ಇಟ್ಟು, ಮಗ್ಗದ ಕೆಳಗೆ ಬಿದ್ದ ನೂಲಿನಿಂದ ಯಾರೋ ಸುತ್ತಿ ಸುತ್ತಿ ಗಂಟು ಹಾಕಿದ್ದರು. "ಅದಕ್ಕ ಭಾಳ ನೋವಾಗಿತ್ರಿ," ಎಂದಳು ಸಮೀಕ್ಷಾ. "ಅಯ್ಯ, ಎಷ್ಟ ಸೊಟ್ಟ ಕಟ್ಟ್ಯಾಳ! ಕೊಡ್ರಿಲ್ಲೆ, ನೀಟ ಕಟ್ಟಿ ಕೊಡ್ತೇನಿ," ಎಂದು ಉಜ್ವಲಾ ಕೈ ಚಾಚಿದಳು. "ಮುಟ್ಟಬ್ಯಾಡ!" ಎಂದು ಚೀರಿದೆ. "ಅಕಿ ಮಾಡಿದ್ದು ಇದೊಂದ ಐತಿ."