ಓಕ್ ಮರದ ಅಂಚಿನಲ್ಲಿ ಕರಿಬೇವು

ಮಾಡ್ಬರಿಯ ಈ ಮನೆಯನ್ನು ನಾವು ಕೊಂಡದ್ದು ಹಿತ್ತಲಲ್ಲಿರುವುದು ಸತ್ತ ಮರ ಎಂದು ನಂಬಿ. ಭೂಮಧ್ಯರೇಖೆಯ ದಕ್ಷಿಣದ ಈ ದೇಶದಲ್ಲಿ ಜುಲೈ ಎಂದರೆ ನಡುಚಳಿಗಾಲ. ಓಕ್ ಮರದಲ್ಲಿ ಒಂದೆಲೆಯೂ ಇರಲಿಲ್ಲ. ನಮ್ಮ ಮೈಸೂರಿನ ಮರಗಳು ಬೋಳಾಗುವುದು ಹೂ ಬಿಡುವ ಸಡಗರಕ್ಕೆ; ಹೀಗೆ ತಿಂಗಳುಗಟ್ಟಲೆ ಸೂತಕ ಹಿಡಿದಂತೆ ನಿಂತದ್ದನ್ನು ನಾನು ಕಂಡಿರಲಿಲ್ಲ. ಸೆಪ್ಟೆಂಬರಿನಲ್ಲಿ ಅದು ಚಿಗುರಿತು, ಡಿಸೆಂಬರಿಗೆ ಹಿತ್ತಲನ್ನೆಲ್ಲ ಆವರಿಸಿತು. ನಾನು ಕೆಳಗೊಂದು ಕುರ್ಚಿ ಹಾಕಿದೆ. ಅಲ್ಲಿಗೆ ನನ್ನ ಮಹತ್ವಾಕಾಂಕ್ಷೆಗಳೆಲ್ಲ ಮುಗಿದವು.

ಹೆಂಡತಿ ಸುಮಾಳ ಆಕಾಂಕ್ಷೆ ಬೇರೆ: ಸ್ವಂತ ಕರಿಬೇವು. ಇಲ್ಲಿ ಕನ್ನಡಿಗರ ಅಂತಸ್ತು ತಿಳಿಯುವುದು ಕಾರಿನಿಂದಲ್ಲ, ಕರಿಬೇವಿನಿಂದ. ಹತ್ತಿರದ ಬಡಾವಣೆ ಸ್ಯಾಲಿಸ್‌ಬರಿಯ ಶೈಲಾ ಆಂಟಿಯ ಅಂಗಳದಲ್ಲಿ ಸೊಂಟದೆತ್ತರದ ಗಿಡಗಳು ಕುಂಡಗಳಲ್ಲಿ ನಿಂತಿದ್ದವು. ಬಾರ್ಬಿಗೆ, ಅಂದರೆ ಇಲ್ಲಿಯವರ ಬಾರ್ಬೆಕ್ಯೂ ಊಟಕ್ಕೆ, ಹೋದಾಗಲೆಲ್ಲ ಹೊರಡುವ ಹೊತ್ತಿಗೆ ಪ್ರಸಾದದಂತೆ ಎರಡೆಸಳು ಕೊಡುತ್ತಿದ್ದರು. ಎರಡೇ. ನಮ್ಮ ಸಸಿಗಳೋ, ಒಂದಾದ ಮೇಲೊಂದು ನೆರಳಲ್ಲಿ ಹಳದಿ ತಿರುಗಿ ಸತ್ತವು.

"ಇದೇ ಕೊನೇ ಸಸಿ. ಈ ಸಮ್ಮರ್ ದಾಟ್ಲಿಲ್ಲ ಅಂದ್ರೆ ಮರ ಕಡಿಸ್ಬಿಡ್ತೀನಿ," ಎಂದಳು ಸುಮಾ.

ನನಗೆ ನಿಜಕ್ಕೂ ಭಯವಾಯಿತು. ಆಡಿದ ಮಾತು ಮರೆಯುವವಳಲ್ಲ ಅವಳು.

ಕುರ್ಚಿಯಲ್ಲಿ ಕುಳಿತೇ ಸಂಶೋಧನೆಗಿಳಿದೆ. ಕಾಡೆಂದರೆ ಮರಗಳ ಗುಂಪು ಎಂದುಕೊಂಡಿದ್ದೆ. ಅದು ಬೆಳಕು ಹಂಚುವ ವ್ಯವಸ್ಥೆಯಂತೆ. ಮೇಲೆ ಕೊಂಬೆ ಎಷ್ಟು ದಟ್ಟ, ಸಂದು ಎಲ್ಲಿ, ಕೆಳಗೆ ತರಗೆಲೆ ಎಷ್ಟು ದಪ್ಪ, ಇವೆಲ್ಲ ಸೇರಿ ಯಾವ ಸಸಿ ಬದುಕಬೇಕೆಂದು ತೀರ್ಮಾನಿಸುತ್ತವೆ. ಈ ನ್ಯಾಯದಲ್ಲಿ ತಾಯಿಮರ ಸ್ವಂತ ಮಕ್ಕಳಿಗೂ ರಿಯಾಯಿತಿ ಕೊಡುವುದಿಲ್ಲ. ಎದ್ದು ನೋಡಿದೆ. ಬುಡದಲ್ಲಿ ಬಿದ್ದ ಓಕ್ ಕಾಯಿಗಳು ಮೊಳೆತು ಸೊರಗಿದ್ದವು. ಕೊಂಬೆಗಳು ಮುಗಿಯುವ ಪೂರ್ವ ದಿಕ್ಕಿನ ಅಂಚಿನಲ್ಲಿ ಮಾತ್ರ ಓಕ್ ಮರಿಗಳು ತರಗೆಲೆಯ ನಡುವೆ ನಳನಳಿಸುತ್ತಿದ್ದವು. ನನ್ನ ಕರಿಬೇವು ಎಲ್ಲಿತ್ತು? ಮರದ ದಕ್ಷಿಣಕ್ಕೆ, ಮೈಸೂರಿನ ಚಳಿಗಾಲದ ಬಿಸಿಲನ್ನು ನಂಬಿಕೊಂಡು. ಇಲ್ಲಿ ಸೂರ್ಯ ಉತ್ತರಕ್ಕೆ ವಾಲುತ್ತಾನೆಂಬುದು, ಪಾಸ್‌ಪೋರ್ಟ್ ಬದಲಾಯಿಸಿದ ಈ ಇಂಜಿನಿಯರನ ತಲೆಗೆ ಇನ್ನೂ ಇಳಿದಿರಲಿಲ್ಲ.

ಸಸಿಯನ್ನು ಕಿತ್ತು ಓಕ್ ಮರಿಗಳ ನಡುವೆ ನೆಟ್ಟೆ. ಬೆಳಗ್ಗೆ ಎಳೆಬಿಸಿಲು, ಮಧ್ಯಾಹ್ನದ ಮೇಲೆ ನೆರಳು.

"ಡ್ಯಾಡ್, ಯು'ವ್ ಪುಟ್ ಇಟ್ ಇನ್ ಡೇ-ಕೇರ್," ಎಂದಳು ಮಗಳು ಅನು.

ಜನವರಿಯಲ್ಲಿ ಬಿಸಿಗಾಳಿ ಬೀಸಿತು. ಲಾನ್ ಹಪ್ಪಳವಾಯಿತು. ಕರಿಬೇವು ಮಾತ್ರ ತರಗೆಲೆ ಹೊದ್ದುಕೊಂಡು ಹೊಸ ಚಿಗುರು ಬಿಟ್ಟಿತು! ನಾನು ಕುಣಿಯಲಿಲ್ಲ ಎಂದರೆ ಸುಳ್ಳಾದೀತು. ಚಳಿಗಾಲಕ್ಕೆ ಮರ ತಾನೇ ಬೋಳಾಗಿ ಬಿಸಿಲನ್ನೆಲ್ಲ ಅದಕ್ಕೆ ಬಿಟ್ಟುಕೊಟ್ಟಿತು. ಯಾವುದನ್ನು ಸಾವೆಂದುಕೊಂಡಿದ್ದೆನೋ ಅದು ಸೌಜನ್ಯವಾಗಿತ್ತು.

ಮರುವರ್ಷದ ಬೇಸಿಗೆಯಲ್ಲಿ ಶೈಲಾ ಆಂಟಿಯೇ ನಮ್ಮ ಮನೆಗೆ ಬಂದರು. ಕಾಂಕ್ರೀಟಿನ ಮೇಲಿದ್ದ ಅವರ ಕುಂಡಗಳು ಕಾದುಹೋಗಿದ್ದವು.

"ಎಲ್ಲಾ ಸುಟ್ಟೋಯ್ತು ಕಣಮ್ಮಾ. ಎರಡೆಸಳು ಕೊಡ್ತೀಯಾ?"

ಸುಮಾ ಮೂರು ಕಿತ್ತುಕೊಟ್ಟಳು. ಗೆದ್ದವರಿಗೆ ಔದಾರ್ಯ ಇರಬೇಕು. "ಎಲ್ಲಾ ಈ ಮರದ್ದೇ ಪುಣ್ಯ ಆಂಟಿ. ಕಡಿಬಾರ್ದು ಅಂತ ನಾನು ಮೊದ್ಲಿಂದ್ಲೂ ಹೇಳ್ತಿದ್ದೆ," ಎಂದಳು. ನಾನು ಕುರ್ಚಿಯಲ್ಲಿ ಇನ್ನಷ್ಟು ಒರಗಿಕೊಂಡೆ; ಕುರ್ಚಿ ಉಳಿದಿತ್ತಲ್ಲ.

ಹೊರಡುವಾಗ ಅವರ ಕೈಗೆ ಕುಂಡದಲ್ಲೊಂದು ಓಕ್ ಮರಿಯನ್ನೂ ಕೊಟ್ಟೆ.

"ಇದು ನೆರಳು ಕೊಡೋ ಹೊತ್ತಿಗೆ ನಾನಿರ್ತೀನೇನಪ್ಪಾ?"

"ನಮ್ಮ ಮರ ನೆಟ್ಟೋರೂ ಈಗಿಲ್ಲ ಆಂಟಿ. ಒಗ್ಗರಣೆ ಅಂದ್ರೇನು ಅಂತ್ಲೂ ಅವ್ರಿಗೆ ಗೊತ್ತಿರ್ಲಿಲ್ಲ."

ಆಂಟಿ ಒಂದು ಗಳಿಗೆ ಮರವನ್ನೇ ನೋಡಿದರು. ಆಮೇಲೆ ಕರಿಬೇವನ್ನು ಬ್ಯಾಗಿಗೆ ತುರುಕಿ, ಓಕ್ ಮರಿಯನ್ನು ಕಾರಿನ ಮುಂದಿನ ಸೀಟಿನಲ್ಲಿ ಕೂರಿಸಿ ಬೆಲ್ಟ್ ಹಾಕಿದರು.