ಮಡಿಲಕ್ಕಿಯ ಅನ್ನ

ಮೊನ್ನೆ ಭಾನುವಾರ ಪಕ್ಕದ ಫ್ಲ್ಯಾಟಿನಿಂದ ಕೊಳಲಿನ ಒಂದು ರಾಗ ಕೇಳಿಬಂತು. ಒಗ್ಗರಣೆಗೆ ಎತ್ತಿದ್ದ ಕೈ ಹಾಗೇ ನಿಂತಿತು. ನಡುವೆ ಡ್ರಮ್ಮು ತಂದು ತುರುಕಿದ್ದರೂ ರಾಗ ಅದೇ. ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ ಭಾನುವಾರ ಬೆಳಿಗ್ಗೆ ಬರುತ್ತಿದ್ದ ‘ವಸುಧೆಯ ದಾರಿ’ ಧಾರಾವಾಹಿಯದು. ಅದನ್ನೀಗ ಹೊಸದಾಗಿ ತೆಗೆದಿದ್ದಾರಂತೆ. ಸ್ಟವ್ ಆರಿಸಿ, ಆಸೆಯಿಂದ ಟಿವಿ ಹಾಕಿಕೊಂಡು ಕೂತೆ. ಏಳುವಾಗ ಮೈಯೆಲ್ಲ ಉರಿಯುತ್ತಿತ್ತು.

ಅತ್ತಿಗುಪ್ಪೆಯಲ್ಲಿ ನಮ್ಮಜ್ಜಿಯ ಮನೆ ಇದ್ದ ಜಾಗದಲ್ಲಿ ಈಗ ನಾಲ್ಕಂತಸ್ತಿನ ಪಿ.ಜಿ. ಎದ್ದಿದೆ. ಆಗ ಅಲ್ಲಿ ಕೆಂಪು ನೆಲದ ಹಾಲು, ಮೂಲೆಯಲ್ಲಿ ಮರದ ಬಾಗಿಲಿದ್ದ ಕಪ್ಪು ಬಿಳುಪು ಟಿವಿ. ಧಾರಾವಾಹಿಯ ಹೊತ್ತಿಗೆ ಬೀದಿಯ ಹೆಂಗಸರೆಲ್ಲ ಅವರೆಕಾಯಿ ತಂದು ನಮ್ಮ ಹಾಲಿನಲ್ಲೇ ಸುಲಿಯುತ್ತಾ ಕೂರುತ್ತಿದ್ದರು. ಸಿಪ್ಪೆಯ ಸೊಗಡು, ಕಾದ ಟಿವಿಯ ವಾಸನೆ, ಯಾರದೋ ತಲೆಯ ಹರಳೆಣ್ಣೆ, ಎಲ್ಲ ಬೆರೆತು ನಡುಮನೆ ತುಂಬುತ್ತಿತ್ತು. ಆ ವರ್ಷ ಚಿಕ್ಕಮ್ಮ ಮಾತ್ರ ಅಡುಗೆಮನೆ ಬಾಗಿಲ ಮರೆಯಲ್ಲಿ ಕೂರುತ್ತಿದ್ದಳು. ಊದಿದ ಕೆನ್ನೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು.

ಚಿಕ್ಕಮ್ಮನನ್ನು ಬಿನ್ನಿಪೇಟೆಗೆ ಕೊಟ್ಟಿದ್ದರು. ಗಂಡ ಹೊಡೆಯುತ್ತಿದ್ದ. ಎರಡು ಸಲ ತವರಿಗೆ ಓಡಿಬಂದಳು, ಎರಡು ಸಲವೂ ತಾತ ಬುದ್ಧಿ ಹೇಳಿ ವಾಪಸ್ ಕಳಿಸಿದರು. ಮಗಳು ಬರಿ ಮಡಿಲಲ್ಲಿ ಹೊರಡಬಾರದಲ್ಲ, ಅಜ್ಜಿ ಎರಡು ಸಲವೂ ಅಕ್ಕಿ, ಬೆಲ್ಲ, ಕೊಬ್ಬರಿ, ಎಲೆಅಡಿಕೆ ಹಾಕಿ ಮಡಿಲು ತುಂಬಿದ್ದಳು. ಒದೆ ತಿನ್ನಲು ಹೋಗುವವಳಿಗೆ ಬೆಲ್ಲ ಬೇರೆ! ಅದು ಮೂರನೇ ಸಲ. ಆ ಭಾನುವಾರ ಮಧ್ಯಾಹ್ನ ಊಟಕ್ಕೆ ಬಂದು ಕರೆದುಕೊಂಡು ಹೋಗುತ್ತೇನೆಂದು ಚಿಕ್ಕಪ್ಪ ಹೇಳಿಕಳಿಸಿದ್ದ. ಮಡಿಲಕ್ಕಿ ದೇವರ ಮುಂದೆ ಸಿದ್ಧವಾಗಿತ್ತು. ಅಷ್ಟರಲ್ಲಿ ಟಿವಿಯಲ್ಲಿ, ಹೊಡೆಯುವ ಗಂಡನ ಮನೆಗೇ ಮತ್ತೆ ಹೋಗೆಂದು ಅಪ್ಪ ಹತ್ತಿಸಿದ್ದ ಬಸ್ಸಿನಿಂದ ವಸುಧಾ ಇಳಿದುಬಿಟ್ಟಳು. ಒಂದು ಮಾತಿಲ್ಲ. ಬರೀ ಆ ಕೊಳಲು, ಅವಳು ನಡೆದು ಹೋಗುತ್ತಿರುವ ಬೆನ್ನು. ಹಾಲಿನಲ್ಲಿ ಅವರೆಕಾಯಿ ಸುಲಿಯುವ ಸದ್ದೂ ನಿಂತುಹೋಯಿತು.

ಅಜ್ಜಿ ಎದ್ದು ಮಡಿಲಕ್ಕಿಯ ತಟ್ಟೆಯನ್ನು ಒಳಗೆ ಒಯ್ದಳು. ನಾನೂ ಹಿಂದೆಯೇ ಹೋದೆ. ಅಕ್ಕಿಯನ್ನು ಪಾತ್ರೆಗೆ ಸುರಿದು, ತೊಳೆದು, ಒಲೆಗೆ ಇಟ್ಟಳು. ಮಗಳ ಮಡಿಲಿಗೆಂದು ಎತ್ತಿಟ್ಟ ಅಕ್ಕಿಯನ್ನು ತವರಿನಲ್ಲಿ ಬೇಯಿಸುವುದುಂಟೇ! ತಾತ ಬಾಗಿಲಿಗೆ ಬಂದು ಏನು ಮಾಡ್ತಿದೀಯ ಎಂದು ಗದರಿದರೂ ತಿರುಗಿ ನೋಡಲಿಲ್ಲ. ಚಿಕ್ಕಪ್ಪ ಬಂದು ಎಲೆಯ ಮುಂದೆ ಕೂತ. ಅಜ್ಜಿಯೇ ಬಡಿಸಿದಳು.

“ಇದು ಅವಳ ಮಡಿಲಕ್ಕಿ ಅನ್ನ. ಊಟ ಮಾಡ್ಕೊಂಡು ಹೊರಡಿ. ಅವಳು ಬರಲ್ಲ.”

ಅವನು ಕಲಸಿದ ಅನ್ನ ಬಿಟ್ಟು ಎದ್ದುಹೋದ. ತಾತ ಮೂರು ತಿಂಗಳು ಅಜ್ಜಿಯೊಡನೆ ಮಾತು ಬಿಟ್ಟರು. ಬೀದಿಯವರು ಬಾಯಿಗೆ ಬಂದಂತೆ ಆಡಿಕೊಂಡರು. ಚಿಕ್ಕಮ್ಮ ಓದಿ ಟೀಚರಾದಳು. ಈಗ ರಿಟೈರಾಗಿ ಕೆಂಗೇರಿಯಲ್ಲಿದ್ದಾಳೆ.

ಇನ್ನು ಹೊಸ ವಸುಧಾ. ಮಹಾತಾಯಿ ಬಸ್ಸಿನಿಂದ ಇಳಿಯುವುದೇ ಇಲ್ಲ! ಅವಳಮ್ಮ ಬಸ್ಸಿನ ಜೊತೆ ನಿಧಾನಗತಿಯಲ್ಲಿ ಓಡುತ್ತಾ ಕಿಟಕಿಯೊಳಗೆ ಅಕ್ಕಿ ಸುರಿದು ಮಡಿಲು ತುಂಬುತ್ತಾಳೆ. ಹಿಂದೆ ಹಾಡು. ಹೊಡೆದ ಗಂಡ ಊರಿನಲ್ಲಿ ಹೂ ಹಿಡಿದು ಕಾಯುತ್ತಿರುತ್ತಾನೆ. ಸಾಲದ್ದಕ್ಕೆ ಕೊನೆಯಲ್ಲಿ ‘ಎಲ್ಲ ತಾಯಂದಿರಿಗೆ ಅರ್ಪಣೆ’ ಎಂಬ ಅಕ್ಷರ. ಥೂ, ಇವರ ಮನೆ ಕಾಯ್ವಾಗ! ಯಾವ ತಾಯಿಗೆ? ನಮ್ಮಜ್ಜಿಗಾ? ಬಣ್ಣ ಬಳಿದಿದ್ದರೆ, ಹೆಸರು ಬದಲಿಸಿದ್ದರೆ ಸಹಿಸುತ್ತಿದ್ದೆ. ಇವರು ಆ ಹೆಣ್ಣನ್ನು ಮತ್ತೆ ಬಸ್ಸು ಹತ್ತಿಸಿದ್ದಾರೆ. ಇದನ್ನು ಯಾವ ಮನೆಯಲ್ಲಿ ಯಾವ ಮಗಳು ಕೆನ್ನೆ ಮುಚ್ಚಿಕೊಂಡು ನೋಡುತ್ತಿದ್ದಾಳೋ!

ಚಿಕ್ಕಮ್ಮನಿಗೆ ಫೋನ್ ಮಾಡಿದೆ. ಅವಳೂ ನೋಡಿದ್ದಳು. ನಾನು ಕೂಗಾಡಿ ಸುಸ್ತಾದ ಮೇಲೆ ಹೇಳಿದಳು.

“ಅವತ್ತು ಅಮ್ಮ ಇದನ್ನ ನೋಡಿದ್ದಿದ್ರೆ ನನ್ನ ಕಳಿಸಿಬಿಡ್ತಿದ್ಲು ಕಣೇ. ನಾನೂ ಬಾಯಿ ಮುಚ್ಕೊಂಡು ಹೋಗ್ತಿದ್ದೆ. ನನ್ನ ಫೋಟೋಗೆ ಹಾರ ಬಿದ್ದು ಇಷ್ಟೊತ್ತಿಗೆ ಎಷ್ಟು ವರ್ಷ ಆಗಿರ್ತಿತ್ತೋ.”

ಅಜ್ಜಿ ಹೋಗಿ ಹನ್ನೆರಡು ವರ್ಷವಾಯಿತು. ನೀನು ನನ್ನ ಜೀವ ಉಳಿಸಿದೆ ಅಂತ ಅಮ್ಮನಿಗೆ ಒಂದು ದಿನವೂ ಹೇಳಲಿಲ್ಲವಲ್ಲೇ ಎಂದು ಚಿಕ್ಕಮ್ಮ ಅಳತೊಡಗಿದಳು. ಅವಳ ಅಳು ನಿಲ್ಲುವವರೆಗೆ ನಾನು ಫೋನ್ ಇಡಲಿಲ್ಲ.